ಪಂಕ್ತಿಗೆ ಎಂಟು ಎಲೆ ಹೆಚ್ಚು

ಕರಿಹಾಳ, ಡೋಣಿ ನದಿಯ ದಂಡೆ
೨೧೮೭ನೇ ಇಸವಿ, ಹದಿಮೂರನೇ ತಿಂಗಳು, ಇಪ್ಪತ್ತೇಳನೇ ತಾರೀಕು

ಪೂಜ್ಯ ನೀಲಗಂಗವ್ವನವರಿಗೆ ಉಸಿರುಮನೆಯ ದುಂಡವ್ವ ಮಾಡುವ ಶರಣು.

ತಾರೀಕು ನೋಡಿ, ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಹೊರಗೆ ಕಾಲಿಡಲಾಗದ ಬಿಸಿಲಿನ ದಿನಗಳಿಗೆ ನಮ್ಮ ಕಾಲದವರು ಒಂದು ತಿಂಗಳನ್ನೇ ಬೇರೆ ಮಾಡಿಕೊಂಡಿದ್ದಾರೆ. ಅದಕ್ಕೆ ಕಾವಿನ ತಿಂಗಳು ಎನ್ನುತ್ತೇವೆ. ಅದು ಕಳೆದ ಮೇಲೆಯೇ ನಮಗೆ ಹೊಸ ವರ್ಷ. ನನ್ನ ಭಾಷೆಗೂ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಲಗ್ನಪತ್ರಿಕೆಗಳಿಂದ. ನಡುವೆ ಎಲ್ಲಾದರೂ ‘ಸಹಕುಟುಂಬ ಸಹಪರಿವಾರ’ ಎಂದು ನುಸುಳಿದರೆ ನಕ್ಕು ಮುಂದೆ ಓದಿ.

ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆಯೊಂದು ನಮ್ಮಲ್ಲಿದೆ, ಹಿಂದಂಚೆ ಎಂದು ಅದರ ಹೆಸರು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ, ಅದೂ ಕೈಬರಹದಲ್ಲಿ. ಉತ್ತರ ಬರುವುದಿಲ್ಲ. ಹೆಚ್ಚಿನವರು ತೀರಿಹೋದ ತಾಯಿಗೆ ಬರೆಯುತ್ತಾರೆ. ನನ್ನ ಪಾಲಿನ ಪತ್ರವನ್ನು ನಾನು ಕಂಡೇ ಇರದ ನಿಮಗೆ ಬರೆಯುತ್ತಿದ್ದೇನೆ. ಇನ್ನು ಕೆಲವೇ ದಿನಗಳಲ್ಲಿ ಕಷ್ಟದಲ್ಲಿರುವವರಿಗೆ ನೆರವು ಕೂಡಿಸುವ ಊರೂಟಕ್ಕೆ, ಅಂದರೆ ದ್ರಾಕ್ಷಿ ಪಂಕ್ತಿಗೆ, ನೀವು ಕಟ್ಟಳೆ ಬರೆಯಲು ಕೂರುತ್ತೀರಿ. ಅದಕ್ಕೆ ಮೊದಲು ಇದು ನಿಮ್ಮ ಕೈ ಸೇರಬೇಕು.

ಮೊದಲು ಸಂತೋಷದ ಸುದ್ದಿ: ನೀವು ಹಚ್ಚಿದ ಒಲೆ ಆರಿಲ್ಲ. ಹೊಸ ವರ್ಷದ ಮೊದಲ ದಿನ ಇಂದಿಗೂ ಪಂಕ್ತಿ ನಡೆಯುತ್ತದೆ. ಬೆಳಗಿನ ಜಾವದಲ್ಲೇ ಯಾರು ವೈನ್ ಕುಡಿಯುತ್ತಾರೆ ಎಂದು ಮೂಗು ಮುರಿಯಬೇಡಿ. ಹೊತ್ತೇರಿದರೆ ಬಯಲಲ್ಲಿ ಕೂರಲಾಗದು, ಸಂಜೆಯಾದರೂ ನೆಲ ಕಾದೇ ಇರುತ್ತದೆ. ಮನೆಮನೆಯವರು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮಾದಲಿ ಮಾಡಿ ತರುತ್ತಾರೆ. ತೋಟದವರು ನೆಲದಡಿ ಹೂತಿಟ್ಟ ವೈನಿನ ಗಡಿಗೆಗಳನ್ನು ಹೊರತೆಗೆಯುತ್ತಾರೆ. ಕುಡಿಯದವರಿಗೆ ಬರೀ ರಸ. ಬಾಳೆ ನಮ್ಮಲ್ಲಿ ಬೆಳೆಯುವುದಿಲ್ಲವಾದ್ದರಿಂದ ದ್ರಾಕ್ಷಿ ಎಲೆಗಳನ್ನೇ ಹೊಲಿದ ಪತ್ರಾವಳಿಯಲ್ಲಿ ಊಟ. ಆ ಪತ್ರಾವಳಿ ಹೊಲಿಯುವವರು ಉಸಿರುಮನೆಯ ಮಕ್ಕಳು. ದೂಳಿನಿಂದ ಎದೆ ಕೆಟ್ಟ ಏಳು ಮಕ್ಕಳು ನನ್ನ ಹತ್ತಿರ ಇದ್ದಾರೆ. ಸೋಸಿದ ಗಾಳಿ ತುಂಬಿದ ಗಾಜಿನ ಕೋಣೆಯಲ್ಲಿ ಮಲಗುತ್ತಾರೆ. ಅದನ್ನು ಗಾಳಿಗೂಡು ಎನ್ನುತ್ತೇವೆ. ಕಾವಿನ ತಿಂಗಳಿಡೀ ಅದರೊಳಗೆ ಕೂತು ಊರಿಗೆಲ್ಲ ಎಲೆ ಹೊಲಿಯುತ್ತಾರೆ. ಆ ಎಲೆಯಲ್ಲಿ ಅವರು ಒಮ್ಮೆಯೂ ಉಂಡಿಲ್ಲ.

ಏಕೆಂದರೆ ನಿಮ್ಮ ಕಟ್ಟಳೆಯಲ್ಲಿ ಒಂದು ಮಾತಿದೆ: ನೆರವು ಪಡೆಯುವವರು ಪಂಕ್ತಿಯಲ್ಲಿ ಕೂರದೆ, ಅದರ ಮುಂದಿನ ಕಟ್ಟೆಯ ಮೇಲೆ ನಿಂತು ತಮ್ಮ ಕಷ್ಟವನ್ನು ತಾವೇ ಹೇಳಬೇಕು. ಉಂಡವರು ಕೊನೆಗೆ ದ್ರಾಕ್ಷಿ ಗೊಂಚಲು ತಿಂದು, ಬರಿದಾದ ಕಡ್ಡಿಯನ್ನು ಯಾರ ಮಾತು ಮನಸ್ಸಿಗೆ ತಾಗಿತೋ ಅವರ ಬುಟ್ಟಿಗೆ ಹಾಕಬೇಕು. ತುಂಬಿದ ಬುಟ್ಟಿಗೆ ಆ ವರ್ಷದ ದೊಡ್ಡ ನೆರವು. ಕೊಡುವವರ ಕರುಳು ಕರಗಲಿ ಎಂದು ನೀವು ಒಳ್ಳೆಯ ಮನಸ್ಸಿನಿಂದಲೇ ಬರೆದಿರುತ್ತೀರಿ. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಅದು ಏನಾಯಿತೆಂದು ಹೇಳುತ್ತೇನೆ. ಮುಪ್ಪಿನವರಿಗೆ ರೊಟ್ಟಿ ತಲುಪಿಸುವವರು ತಮ್ಮಲ್ಲಿ ಎಲ್ಲರಿಗಿಂತ ಬಡಕಲಾದ ಮುದುಕನನ್ನು ಹುಡುಕಿ ತರುತ್ತಾರೆ. ಮೂತ್ರಪಿಂಡ ಕೆಟ್ಟವರ ರಕ್ತವನ್ನು ಧರ್ಮಕ್ಕೆ ತೊಳೆದುಕೊಡುವ ಕೋಣೆಯವರು ರೋಗಿಯ ಹೆಂಡತಿಗೆ ಹಳೆಯ ಸೀರೆ ಉಡಿಸುತ್ತಾರೆ. ನಾವೆಲ್ಲ ಒಂದೇ ಊರಿನ ಸೇವೆಯವರು. ಆ ಒಂದು ಬೆಳಗ್ಗೆ ಮಾತ್ರ ಒಬ್ಬರ ಅಳುವನ್ನು ಒಬ್ಬರು ಅಳೆಯುತ್ತ ನಿಂತಿರುತ್ತೇವೆ.

ನಾನೂ ಉಸಿರುಮನೆಯಲ್ಲೇ ಬೆಳೆದವಳು. ಎಂಟನೇ ವಯಸ್ಸಿನಿಂದ ಆರು ವರ್ಷ ಕಟ್ಟೆ ಹತ್ತಿದ್ದೇನೆ. ದೂಳುಗಾಳಿಯಲ್ಲಿ ಅಪ್ಪ ನನ್ನನ್ನು ಅಂಗಿಯೊಳಗೆ ಮುಚ್ಚಿಕೊಂಡು ತಾನು ಉಸಿರುಗಟ್ಟಿ ಸತ್ತದ್ದನ್ನು ಹೇಳಿದ್ದೇನೆ. ಮೊದಲ ವರ್ಷ ನಿಜವಾಗಿ ಅತ್ತೆ. ನಾಲ್ಕನೇ ವರ್ಷದ ಹೊತ್ತಿಗೆ ಯಾವ ಮಾತಿಗೆ ಜನ ವೈನಿನ ಲೋಟ ಕೆಳಗಿಡುತ್ತಾರೆಂದು ನನಗೆ ಗೊತ್ತಿತ್ತು, ಅಲ್ಲಿ ಮಾತು ನಿಲ್ಲಿಸಿ ಸ್ವಲ್ಪ ತಡೆಯುತ್ತಿದ್ದೆ. ಬುಟ್ಟಿ ತುಂಬುತ್ತಿತ್ತು. ಇಂದು ಅಪ್ಪನನ್ನು ನೆನೆದರೆ ಅವನ ಮುಖಕ್ಕಿಂತ ಮೊದಲು ಆ ತಡೆ ನೆನಪಾಗುತ್ತದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಈ ವರ್ಷ ನಮ್ಮ ಗಾಳಿಗೂಡು ಬಿರುಕು ಬಿಟ್ಟಿದೆ. ಹೊಸದು ಬರದಿದ್ದರೆ ಮುಂದಿನ ಕಾವಿನ ತಿಂಗಳನ್ನು ಏಳೂ ಮಕ್ಕಳು ದಾಟುವುದಿಲ್ಲ. ಕಟ್ಟೆ ಹತ್ತುವ ಸರದಿ ಒಂಬತ್ತು ವರ್ಷದ ಚಾಂದಬಿಯದು. ನಾನೇ ಅವಳಿಗೆ ಹೇಳಿಕೊಡಲು ಕೂತೆ. ಎಲ್ಲಿ ತಡೆಯಬೇಕು ಎಂಬುದನ್ನೂ ಹೇಳಿದೆ. ಹೊಲಿಯುತ್ತಿದ್ದ ಎಲೆ ಬದಿಗಿಟ್ಟು ಅವಳು ಅಂದಳು: “ನಾ ಒಲ್ಲೆ, ಅವ್ವಾ. ನಾ ಅತ್ಕೋತ ಹೇಳ್ತೀನಿ, ಅವರು ಉಣ್ಕೋತ ಕೇಳ್ತಾರ.” ನನಗೆ ನಾಚಿಕೆಯಾಯಿತು.

ಪಂಕ್ತಿಯ ಹಿರಿಯ ಮುರಗಯ್ಯನವರ ಹತ್ತಿರ ಹೋದೆ. ಕೆಟ್ಟವರಲ್ಲ, ಮಕ್ಕಳಿಗೆಂದು ಬೆಲ್ಲ ಕೊಟ್ಟು ಕಳಿಸಿದರು. ಆದರೆ ಕೇಳಿದ್ದು ಹೀಗೆ: “ಬಾಯಿ ಬಿಟ್ಟು ಹೇಳದಿದ್ರ ಮಂದಿಗೆ ಹೆಂಗ ತಿಳೀಬೇಕವ್ವಾ?” ಉತ್ತರ ಹೊಳೆದದ್ದು ಮರಳಿ ಬರುವ ದಾರಿಯಲ್ಲಿ. ಪಕ್ಕದಲ್ಲಿ ಕೂತು ಉಂಡರೆ ತಿಳಿಯುತ್ತದೆ. ಎರಡು ತುತ್ತಿಗೊಮ್ಮೆ ಉಸಿರಿಗಾಗಿ ನಿಲ್ಲುವ ಮಗುವಿನ ಪಕ್ಕ ಒಂದು ಊಟ ಮುಗಿಸಿದವರಿಗೆ ಮತ್ತೆ ಯಾರೂ ಏನೂ ಹೇಳಬೇಕಾಗಿಲ್ಲ.

ಆದ್ದರಿಂದ ಅವ್ವಾ, ಆ ಒಂದು ಮಾತನ್ನು ಬರೆಯಬೇಡಿ. ಅದರ ಜಾಗದಲ್ಲಿ, ನೆರವು ಪಡೆಯುವವರಿಗೂ ಎಲೆ ಹಾಕಿ, ಸಹಕುಟುಂಬ ಸಹಪರಿವಾರ, ಎಂದು ಬರೆಯಿರಿ.

ನಾಡಿದ್ದು ನಸುಕಿನಲ್ಲಿ, ದೂಳು ಏಳುವ ಮೊದಲೇ ಮಕ್ಕಳನ್ನು ಕರೆದುಕೊಂಡು ಬಯಲಿಗೆ ಹೋಗುತ್ತೇನೆ. ಈ ಪತ್ರ ನಿಮಗೆ ಮುಟ್ಟಿದ್ದರೆ ಅಲ್ಲಿ ಕಟ್ಟೆ ಇರುವುದಿಲ್ಲ. ಮುಟ್ಟದಿದ್ದರೆ ಇರುತ್ತದೆ. ಇದ್ದರೂ ನಾವು ಅದನ್ನು ಹತ್ತುವುದಿಲ್ಲ, ಪಂಕ್ತಿಯಲ್ಲಿ ಕೂರುತ್ತೇವೆ. ಬುಟ್ಟಿ ಬರಿದಾಗಿಯೇ ಉಳಿದರೆ ಏನು ಗತಿ ಎಂದು ನನಗೆ ತುಂಬ ಭಯವಾಗುತ್ತಿದೆ. ಮಕ್ಕಳಿಗೆ ಹೇಳಿಲ್ಲ. ಅವರು ಈ ಸಲ ಎಂಟು ಎಲೆ ಹೆಚ್ಚು ಹೊಲಿದಿದ್ದಾರೆ. ಚಾಂದಬಿ ತನ್ನದು ಅದಲುಬದಲಾಗದಿರಲಿ ಎಂದು ಅಂಚಿಗೆ ಕೆಂಪು ದಾರ ಕಟ್ಟಿಟ್ಟಿದ್ದಾಳೆ.

ನಿಮ್ಮ
ದುಂಡವ್ವ