ತಾವು ಒಗೆಸಿದ ಹನ್ನೆರಡು ವರ್ಷ

ಮಾನ್ಯ ಪ್ರದರ್ಶನಾಧಿಕಾರಿಗಳೇ,

ನನ್ನ ಬಟ್ಟೆಯನ್ನು ತಾವು ಒಗೆಸಿದ್ದೀರಿ. ಇಷ್ಟೇ ನನ್ನ ತಕರಾರು. ಒಗೆದದ್ದಕ್ಕೂ ತಕರಾರೇ ಎಂದು ನಗಬೇಡಿ. ಪೂರ್ತಿ ಓದಿ ಆಮೇಲೆ ನಕ್ಕರೆ ಅಭ್ಯಂತರವಿಲ್ಲ. ಕನ್ನಡ ಬಾರದಿದ್ದರೆ ಓದಿ ಹೇಳುವವರು ತಮ್ಮ ಕಚೇರಿಯಲ್ಲೇ ಇದ್ದಾರೆ.

ನಾನು ಗಡಿನಾಡಿನ ಸೋನ್ಯಾಳದಲ್ಲಿ ಕುಪ್ಪಸ ಹೊಲಿದು ಬದುಕುವವಳು. ಏಳನೆಯ ಇಯತ್ತೆ ಕಲಿತಿದ್ದೇನೆ. ಬೇಸಿಗೆಯಲ್ಲಿ ಬಾವಿಯ ನೀರು ಇಳಿಯುವುದು ಹೊಸತಲ್ಲ ಎನ್ನುತ್ತಿದ್ದ ಹಿರಿಯರಿಗೆ ಅದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ ಎಂದು ತೋರಿಸಿ ಬಾಯಿ ಮುಚ್ಚಿಸಬೇಕೆಂದು, 1993ರಲ್ಲಿ ಯುಗಾದಿಯ ಮರುದಿನ ನಾನೂ ನನ್ನ ಗೆಳತಿ ಸೀತವ್ವಳೂ ಉದ್ದನೆಯ ಬಿಳಿ ಬಟ್ಟೆಯ ಪಟ್ಟಿಗೆ ಕಲ್ಲು ಕಟ್ಟಿ ಊರ ಬಾವಿಯ ತಳದವರೆಗೆ ಇಳಿಬಿಟ್ಟೆವು. ಒಂದು ಹಗಲು ಹಾಗೇ ಬಿಟ್ಟರೆ ನೀರಿದ್ದಷ್ಟು ಉದ್ದಕ್ಕೆ ಬಟ್ಟೆಗೆ ಬಣ್ಣ ಹತ್ತುತ್ತಿತ್ತು. ಅದನ್ನು ನೆರಳಲ್ಲಿ ಒಣಗಿಸಿಟ್ಟೆ. ಪ್ರತಿ ವರ್ಷ ಅದೇ ದಿನ ಹೊಸ ಪಟ್ಟಿ ಇಳಿಬಿಟ್ಟು, ಹಳೆಯದರ ಪಕ್ಕಕ್ಕೆ ಜೋಡಿಸಿ ಹೊಲಿಯುತ್ತ ಬಂದೆ. ಮೊದಲ ಪಟ್ಟಿಯಲ್ಲಿ ಎಂಟು ಮೊಳ ಪಾಚಿಯ ಹಸಿರಿತ್ತು. ಕಳೆದ ವರ್ಷದ್ದರಲ್ಲಿ ಇದ್ದದ್ದು ಒಂದು ಗೇಣು ಕೆಂಪು ಕೆಸರು. ಸೂಜಿಯ ಕಣ್ಣು ಕಂಡರೂ ದೂರದ್ದು ನನಗೆ ಕಾಣಿಸದು. ಆಚೆ ದಂಡೆಯಲ್ಲಿ ಬಗ್ಗಿ ನಿಂತು ಸೀತವ್ವಳೇ ಕೂಗುತ್ತಿದ್ದಳು: "ಇನ್ನೊಂದ್ ಮೊಳ ಬಿಡ ಗೌಸಬಿ, ನೀರ ಭಾಳ ತಳಕ್ಕ ಹೋಗ್ಯಾವ!"

ಜತ್ತದ ಚಿತ್ರಕಲಾ ಮಾಸ್ತರ ಶಿದ್ರಾಯರು ಈ ಬಟ್ಟೆಯನ್ನು ನೋಡಿ ಒಂದೊಂದು ಪಟ್ಟಿಯನ್ನೂ ಗೇಣು ಹಾಕಿ ಅಳೆದರು. "ಇದು ಚಿತ್ರಾನೂ ಹೌದು, ಸಂಶೋಧನಾನೂ ಹೌದ್ರಿ," ಎಂದು ಅವರೇ ಅರ್ಜಿ ತುಂಬಿ ತಮ್ಮ ಕಚೇರಿಯ ಪರಿಸರ ಕಲಾ ಪ್ರದರ್ಶನಕ್ಕೆ ಕಳಿಸಿದರು. ನಾನು ನೋಡಲು ಬಂದಾಗ ಗೋಡೆಯ ಮೇಲೆ ಹಾಲಿನಂಥ ಬಿಳಿ ಬಟ್ಟೆ, ಇಸ್ತ್ರಿ ಬೇರೆ! ತಮ್ಮ ಸಿಪಾಯಿ ಅಪ್ಪಾಸಾಬ ಖುಷಿಯಿಂದ ಹೇಳಿದ: "ಭಾಳ ಹೊಲಸಾಗಿತ್ರಿ ಅವ್ವಾರ. ಸಾಹೇಬರು ಹೇಳಿದ್ರು, ಸಾಬಣ ಹಚ್ಚಿ ತಿಕ್ಕಿ ಒಗದೀನಿ. ಈಗ ನೋಡ್ರಿ, ಎಷ್ಟ ಚಲೋ ಕಾಣತೈತಿ!" ತಾವು ನನಗೆ ಹೊಲಿಗೆ ವಿಭಾಗದಲ್ಲಿ ಎರಡನೆಯ ಬಹುಮಾನ ಕೊಟ್ಟಿರಿ. ಪರಿಸರ ವಿಭಾಗದ ಮೊದಲ ಬಹುಮಾನ ಬಂದದ್ದು ಥರ್ಮಾಕೋಲಿನ ಬಾವಿಗೆ. ಅದರಲ್ಲಿ ನೀಲಿ ಬಣ್ಣದ ನೀರು ದಂಡೆಯವರೆಗೂ ತುಂಬಿತ್ತು.

ಒಂದು ಮಾತು ಕೇಳುತ್ತೇನೆ. ಅಂತರ್ಜಲದ ಕಡತಕ್ಕೆ ಧೂಳು ಹಿಡಿದರೆ ಅದನ್ನೂ ಬಕೆಟ್ಟಿನಲ್ಲಿ ನೆನೆಹಾಕಿಸುತ್ತೀರಾ? ಇಂಜಿನಿಯರು ಬರೆದರೆ ದಾಖಲೆ, ನೀರೇ ಬಂದು ಬರೆದರೆ ಹೊಲಸೇ? ತಾವಂತೂ ಬಟ್ಟೆ ಹರಿದಿಲ್ಲವಲ್ಲ ಎಂದು ನನ್ನನ್ನು ಸಮಾಧಾನ ಮಾಡಿದಿರಿ. ಅಪ್ಪಾಸಾಬನನ್ನು ಬೈಯಬೇಡಿ, ಅವನು ಒಳ್ಳೆಯ ಮನಸ್ಸಿನಿಂದಲೇ ಒಗೆದಿದ್ದಾನೆ.

ಕಳೆದ ಮಳೆಗಾಲದಲ್ಲಿ ಸೀತವ್ವ ಜ್ವರದಿಂದ ತೀರಿಕೊಂಡಳು. ಆ ಹನ್ನೆರಡು ಹಗಲು ಬಾವಿಯ ಹತ್ತಿರ ಇದ್ದವರು ನಾವಿಬ್ಬರೇ. ಈಗ ಎಂಟು ಮೊಳ ನೀರಿತ್ತು ಎಂದರೆ ಊರಲ್ಲಿ ನಗುತ್ತಾರೆ; ಹೌದು, ಇತ್ತು ಎನ್ನಲು ಯಾರೂ ಇಲ್ಲ. ಅರ್ಜಿಯಲ್ಲಿ ಇದನ್ನೆಲ್ಲ ಬರೆಯಬಾರದೆಂದು ಗೊತ್ತು. ಆದರೂ ಬರೆಯುತ್ತೇನೆ: ನನಗೆ ತೀರಾ ಒಂಟಿ ಎನಿಸುತ್ತಿದೆ, ಸಾಹೇಬರೇ.

ಪರಿಹಾರ ಬೇಡ, ಬಹುಮಾನದ ಪತ್ರವನ್ನು ಇದರೊಂದಿಗೆ ಮರಳಿಸಿದ್ದೇನೆ. ಬರುವ ಯುಗಾದಿಯ ಮರುದಿನ ತಾವೇ ಸೋನ್ಯಾಳಕ್ಕೆ ಬರಬೇಕು. ಹದಿಮೂರನೆಯ ಪಟ್ಟಿಯನ್ನು ಕತ್ತರಿಸಿಟ್ಟಿದ್ದೇನೆ. ತಮಗೆ ಚಿತ್ರ ಬರಬೇಕಾಗಿಲ್ಲ, ಸಂಶೋಧನೆಯೂ ಬರಬೇಕಾಗಿಲ್ಲ. ಆಚೆ ದಂಡೆಯಲ್ಲಿ ನಿಂತು ಬಗ್ಗಿ ನೋಡಿ, ಕೆಳಗೆ ಏನು ಕಾಣಿಸಿತೆಂದು ನನಗೆ ಕೂಗಿ ಹೇಳಿದರೆ ಸಾಕು.

ಇಂತಿ,
ಬಟ್ಟೆಯನ್ನು ಸ್ವಚ್ಛವಾಗಿ ಮರಳಿ ಪಡೆದವಳು,
ಗೌಸಬಿ, ಸೋನ್ಯಾಳ
ಮಾರ್ಚ್ 2005