ಈಗ ಹೊಸ ಆಕ್ಸಲ್ ಶಾಫ್ಟ್ ಹಾಕಿಸಿದ್ದೀರಂತೆ

ಕಚೇರಿಯ ವಾಹನಗಳ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ಗಂಡ ಓಡಿಸುತ್ತಿದ್ದ ನಿಮ್ಮ ಕಚೇರಿಯ ಕಾರಿಗೆ ಕೊನೆಗೂ ಮುಂದಿನ ಚಕ್ರದ ಆಕ್ಸಲ್ ಶಾಫ್ಟ್ ಹೊಸದು ಹಾಕಿಸಿದ್ದೀರಿ. ಅಭಿನಂದನೆಗಳು. ಅವರು ಬದುಕಿದ್ದಾಗ ಎಲ್ಲೂ ಸಿಗದಿದ್ದ ಬಿಡಿಭಾಗ, ನಾನು ಅವರ ಬಟ್ಟೆಗಳನ್ನು ಮಡಚಿಡುವ ಮೊದಲೇ ಸಿಕ್ಕಿಬಿಟ್ಟಿತು. ನಿಮ್ಮ ವಿಚಾರಣಾ ವರದಿ ಮಾತ್ರ ಅವರ ಸಾವಿಗೆ 'ಚಾಲಕನ ಅಜಾಗರೂಕತೆ'ಯೇ ಕಾರಣ ಎನ್ನುತ್ತದೆ.

ಆ ಅಜಾಗರೂಕತೆ ಎಂಥದ್ದು, ಕೇಳಿ. ಇಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಆ ಕಬ್ಬಿಣದ ದಂಡ ಸವೆದು, ಕಾರು ತಿರುಗಿದಾಗೆಲ್ಲ ಕಟಕಟ ಎನ್ನುತ್ತಿತ್ತು. ಓಣಿಯ ಮೂಲೆಯಲ್ಲಿ ಆ ಸದ್ದು ಕೇಳಿದರೆ ಸಾಕು, ಮಗ ಬಂದನೆಂದು ಅತ್ತೆ ಬಾಗಿಲು ತೆಗೆಯಲು ಏಳುತ್ತಿದ್ದರು. ಒಂದು ಸಂಜೆ ಇವರು ಮುಖ ಸಪ್ಪೆ ಮಾಡಿಕೊಂಡು ಬಂದರು. "ಶಾಫ್ಟ್ ಯಾವಾಗ ಬೇಕಾದ್ರೂ ಕೈಕೊಡುತ್ತೆ ಸಾರ್ ಅಂದೆ. 'ಓಡ್ತಾ ಇದೆಯಲ್ಲಪ್ಪ, ಓಡಿಸು' ಅಂದ್ರು ಸಾಹೇಬ್ರು."

"ಹಾಗಾದ್ರೆ ನಾಳೆ ಹೋಗ್ಬೇಡಿ."

"ಹೋಗಲ್ಲ ಅಂದ್ರೆ ನನ್ನ ಜಾಗದಲ್ಲಿ ಬೇರೆಯವನು ಕೂರ್ತಾನೆ. ನಾನು ಮನೇಲಿ ಕೂರ್ತೀನಿ" ಎಂದು ನಕ್ಕರು.

ಮರುದಿನ ಬೆಟ್ಟದ ಏರಿನಲ್ಲಿ ಶಾಫ್ಟ್ ಮುರಿಯಿತು. ಇಂಜಿನ್ ಅರಚುತ್ತಿತ್ತು, ಕಾರು ಮಾತ್ರ ಕದಲಲಿಲ್ಲ. ಹಿಂದೆ ಕೂತಿದ್ದ ನಿಮ್ಮ ಕಚೇರಿಯ ಟೈಪಿಸ್ಟ್ ಹೆಂಗಸನ್ನು ಮೊದಲು ಇಳಿಸಿದರು. "ನೀವು ಆ ಗೋಡೆ ಪಕ್ಕ ನಿಂತ್ಕೊಳ್ಳಿ ಅಮ್ಮಾ, ಗಾಡಿ ಜಾರದ ಹಾಗೆ ಕಲ್ಲು ಕೊಡ್ತೀನಿ" ಎಂದರಂತೆ. ಚಕ್ರದ ಹಿಂದೆ ಕಲ್ಲಿಡಲು ಬಗ್ಗಿದ್ದಾಗ ಕೆಳಗಿನ ತಿರುವಿನಿಂದ ಲಾರಿ ಬಂತು. ಆಕೆಯೇ ನಮ್ಮ ಮನೆಗೆ ಬಂದು, ನನ್ನ ಕೈ ಹಿಡಿದುಕೊಂಡು ಇಷ್ಟನ್ನೂ ಹೇಳಿದರು. ನಿಮ್ಮ ವಿಚಾರಣೆಯವರು ಆಕೆಯನ್ನು ಒಂದು ಮಾತು ಕೇಳಿದರೇ? ಇನ್ನೊಬ್ಬರನ್ನು ಉಳಿಸಿ ತಾನು ಸಾಯುವುದಕ್ಕೆ ನಿಮ್ಮ ನಿಘಂಟಿನಲ್ಲಿ ಬೇರೆ ಪದವೇ ಇರಲಿಲ್ಲವೇ?

ಈಗ ಹೊಸ ಚಾಲಕ ಅದೇ ಕಾರನ್ನು ನಮ್ಮ ಓಣಿಯಲ್ಲೇ ಒಯ್ಯುತ್ತಾನೆ. ಬೆಣ್ಣೆಯಂತೆ ತಿರುಗುತ್ತದೆ, ಚೂರೂ ಸದ್ದಿಲ್ಲ. ಆದರೂ ಮೊನ್ನೆ ಅತ್ತೆ ದಡಬಡಿಸಿ ಎದ್ದರು.

"ಕಟಕಟ ಅಂತು. ಬಂದ, ನೋಡು."

"ಯಾರೂ ಬಂದಿಲ್ಲ ಅತ್ತೆ. ಆ ಗಾಡಿ ರಿಪೇರಿ ಆಗಿದೆ."

"ನಿಂಗೆ ಕೇಳಿಸ್ಲಿಲ್ವಾ?" ಎಂದು ನನ್ನನ್ನೇ ದಿಟ್ಟಿಸಿದರು.

ನಿಮ್ಮಂಥ ತಿಳಿದವರಿಗೆ ಹೇಳಲು ನಾಚಿಕೆ: ನನಗೂ ಕೇಳಿಸಿತ್ತು. ಬಾಗಿಲು ತೆಗೆದೆ. ಓಣಿ ಖಾಲಿ. ತೆಗೆದ ಬಾಗಿಲನ್ನು ಮುಚ್ಚಲು ಕೈ ಬರಲಿಲ್ಲ. ಅವರನ್ನು ಹೊರಗೇ ನಿಲ್ಲಿಸಿ ಚಿಲಕ ಹಾಕಿದಂತಾಗುತ್ತಿತ್ತು.

ನಿಮ್ಮ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ಕೂತು ಸಾಕಾಗಿ, ಎಲ್ಲರೂ ಓದಲೆಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಗಾಡಿ ಸರಿಯಿಲ್ಲ ಎಂದು ಚಾಲಕ ಹೇಳಿದರೆ ಅದು ರಸ್ತೆಗೆ ಇಳಿಯಬಾರದು, ಅವನ ಕೆಲಸಕ್ಕೂ ಕುತ್ತು ಬರಬಾರದು. ಹಾಗೆಂದು ಆದೇಶ ಹೊರಡಿಸಿ. ವರದಿಯಿಂದ ಆ ಅಜಾಗರೂಕತೆಯನ್ನು ತೆಗೆದುಹಾಕಿ. ನನ್ನ ಮಗಳಿಗೆ ಈಗಷ್ಟೇ ಅಕ್ಷರ ಕೂಡಿಸಿ ಓದಲು ಬರುತ್ತಿದೆ. ಅವಳು ಅಷ್ಟುದ್ದದ ಪದ ಓದಲು ಕಲಿಯುವ ಮೊದಲು ತೆಗೆದುಹಾಕಿ.

ಇಂತಿ,
ಅವರ ಪಾಲಿನ ಊಟವನ್ನು ಇನ್ನೂ ಮುಚ್ಚಿಡುವ,
ನಿಮ್ಮ ಹಳೆಯ ಚಾಲಕನ ಹೆಂಡತಿ