ಇವಳು ಕೂರುವ ಜಾಗ

ತಾರೀಖು ಹದಿನಾಲ್ಕು
ಭಾನುವಾರ, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಇವಳೇ,

ಮೂವತ್ತೊಂದು ವರ್ಷದಿಂದ ಹೀಗೇ ಕರೆದು ರೂಢಿ. ಕಾಗದದಲ್ಲಾದರೂ ಹೆಸರು ಬರೆಯೋಣವೆಂದು ಪೆನ್ನು ಹಿಡಿದೆ. ಕೈ ಕೇಳಲಿಲ್ಲ, ನಾಚಿಕೆಯಾಯಿತು. ನಗಬೇಡ.

ನಾನೂ ಮಗಳೂ ಚೆನ್ನಾಗಿದ್ದೇವೆ. ಅಡುಗೆಯಲ್ಲಿ ಒಂದು ಹೊತ್ತು ಉಪ್ಪು ಹೆಚ್ಚು, ಇನ್ನೊಂದು ಹೊತ್ತು ಹಾಕುವುದೇ ಮರೆತುಹೋಗಿರುತ್ತದೆ. ಎರಡನ್ನೂ ಕಲಸಿಕೊಂಡು ತಿಂದರೆ ಸರಿಹೋಗುತ್ತದೆ ಅನ್ನುತ್ತಾಳೆ ನಿನ್ನ ಮಗಳು. ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. “ಸಕ್ಕರೆ ಮೂರನೇ ಡಬ್ಬಿಯಲ್ಲಿದೆ. ಗಿಡಕ್ಕೆ ನೀರು ಹಾಕಿ.” ಅಷ್ಟೇ ಇತ್ತು. ಹಿಂದೆ ಮುಂದೆ ತಿರುಗಿಸಿ ನೋಡಿದೆ, ಇನ್ನೇನೂ ಇರಲಿಲ್ಲ. ಉತ್ತರ ತಡವಾದದ್ದಕ್ಕೆ ಬೈದುಕೊಂಡಿರುತ್ತೀಯ, ಬೈದುಕೋ, ತಪ್ಪು ನನ್ನದೇ. ಬರೀ ಮಾತು ಬರೆಯುವುದು ಬೇಡ, ತೋರಿಸುವುದಕ್ಕೆ ಏನಾದರೂ ಆಗಲಿ ಎಂದು ಕಾದೆ. ಫೋನು ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನು “ಹ್ಞೂಂ” ಅನ್ನುತ್ತೀಯ, ಇಲ್ಲವಾದರೆ “ಊಹ್ಞೂಂ” ಅನ್ನುತ್ತೀಯ. ನನ್ನಂಥ ಬಾಯಿಬಡುಕನಿಗೆ ಅದು ಎಲ್ಲಿ ಸಾಲುತ್ತದೆ?

ಅವತ್ತು ನಡೆದದ್ದನ್ನು ಮೊದಲು ಬರೆದುಬಿಡುತ್ತೇನೆ. ನಿನ್ನ ತಂಗಿ ಬಂದಿದ್ದಳು. ಹೊಸದಾಗಿ ಹಸಿರು ಬಟ್ಟೆ ಹೊದಿಸಿದ್ದ ಜೋಡಿ ಕುರ್ಚಿಯಲ್ಲಿ ಅಕ್ಕತಂಗಿ ಕೂತು ಟೀ ಕುಡಿಯುತ್ತಿದ್ದಿರಿ. ನಾನು ಹೊರಗಿನಿಂದ ಓಡಿ ಬಂದವನೇ, “ಏಳಿ ಏಳಿ, ಆ ಕುರ್ಚಿ ನೋಡೋಕೆ ಪಾರ್ಟಿ ಬರ್ತಿದ್ದಾರೆ, ಟೀ ಚೆಲ್ಲೀತು” ಅಂದೆ. ನೀನು ಎದ್ದೆ. ಲೋಟ ಹಿಡಿದುಕೊಂಡು ಸುತ್ತ ನೋಡಿದೆ. ಮನೆಯಲ್ಲಿ ಹನ್ನೊಂದು ಕುರ್ಚಿ, ಎರಡು ಸೋಫಾ. ಒಂದಕ್ಕೆ ಪ್ಲಾಸ್ಟಿಕ್ ಹೊದಿಕೆ, ಒಂದರ ಮೇಲೆ ಪರದೆ ಬಟ್ಟೆಯ ಸ್ಯಾಂಪಲ್ಲು, ಇನ್ನೊಂದರ ಅಂಟು ಒಣಗಿರಲಿಲ್ಲ. ಎಲ್ಲವೂ ಯಾರಿಗೋ ತೋರಿಸುವುದಕ್ಕೆ ಇಟ್ಟಂಥವು. ಸಂಜೆಗೆ ನೀನು ತಂಗಿಯ ಜೊತೆ ಹೊರಟೆ. “ನಮ್ಮನೇಲಿ ನಾನು ಕೂರೋಕೆ ಒಂದು ಜಾಗ ಆದ್ರೆ ಹೇಳಿ, ಬರ್ತೀನಿ” ಅಂದೆ. ನಾಲ್ಕು ದಿನದ ಮುನಿಸು ಅಂದುಕೊಂಡೆ. ಇವತ್ತಿಗೆ ಇಪ್ಪತ್ತಾರು ದಿನ.

ಮೊದಲ ವಾರ ನನಗೂ ಮೂಗಿನ ತುದಿಯಲ್ಲೇ ಕೋಪವಿತ್ತು. ಮೂವತ್ತು ವರ್ಷದಿಂದ ಊರವರ ಮನೆಗಳನ್ನೆಲ್ಲ ಅಂದಗಾಣಿಸಿಕೊಟ್ಟವನ ಮನೆಯಲ್ಲಿ ಕೂರಲು ಜಾಗವಿಲ್ಲ ಅಂದರೇನು! ಹೀಗೆಂದು ಒಂದು ದಿನ ಮಗಳ ಮುಂದೆ ಗೊಣಗಿದೆ. ಅವಳು ಬ್ಯಾಂಕಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. “ಊರಿಗೆಲ್ಲ ಕ್ಲಿಪ್ಪು ಹಂಚ್ತೀರಲ್ಲ ಅಪ್ಪ, ನಮ್ಮನೇಲೂ ಒಂದ್ಸಲ ಹಾಕಿ ನೋಡಿ” ಎಂದು ಹೇಳಿ ನಡೆದೇಬಿಟ್ಟಳು.

ನನ್ನ ಕ್ಲಿಪ್ಪಿನ ಪದ್ಧತಿಯನ್ನು ನೀನು ಎಷ್ಟು ಆಡಿಕೊಂಡಿದ್ದೀಯ! “ಜನ ಬಟ್ಟೆಗೆ ಹಾಕ್ತಾರೆ, ಇವರು ಮನೆಗೇ ಹಾಕ್ತಾರೆ.” ಆದರೆ ಇದು ಕೆಲಸಕ್ಕೆ ಬರುವಂಥದ್ದು ಕಣೇ. ಯಾವ ಮನೆ ಒಪ್ಪಿಕೊಂಡರೂ ಮೊದಲ ಒಂದು ವಾರ ನಾನು ಏನನ್ನೂ ಮುಟ್ಟುವುದಿಲ್ಲ. ಮನೆಯವರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಬಟ್ಟೆ ಕ್ಲಿಪ್ಪು ಕೊಡುತ್ತೇನೆ. ಸುಮ್ಮನೆ ಕೂರಬೇಕು ಅನ್ನಿಸಿ ಎಲ್ಲಿ ಕೂತರೂ ಅಲ್ಲೊಂದು ಸಿಕ್ಕಿಸಿ ಅನ್ನುತ್ತೇನೆ. ವಾರದ ಕೊನೆಗೆ ಯಾರಿಗೆ ಎಲ್ಲಿ ಹಿತ ಎಂದು ಗೊತ್ತಾಗುತ್ತದೆ. ಹಿತ ಮೊದಲು, ಚೆಂದ ಆಮೇಲೆ. ಈ ಮಾತನ್ನು ನಾನು ಹೇಳುವ ಗತ್ತು ನೋಡಿ, ನನ್ನಿಂದ ಮನೆ ಅಂದಗಾಣಿಸಿಕೊಂಡ ಡಾಕ್ಟರಮ್ಮ ಡೈರಿಯಲ್ಲಿ ಬರೆದುಕೊಂಡರು.

ಸರಿ, ಮುಂದಿನ ಭಾನುವಾರ ನಾನೂ ಮಗಳೂ ಕ್ಲಿಪ್ಪಿನ ಡಬ್ಬಿ ಹಿಡಿದು ನಿಂತೆವು. ನೀಲಿ ನನಗೆ, ಹಳದಿ ಅವಳಿಗೆ. ಕೆಂಪು ನಿನಗೆ. ನೀನಿಲ್ಲವಲ್ಲ, ನಿನ್ನದನ್ನು ನೆನಪಿನಿಂದ ಹಾಕುವುದೆಂದಾಯಿತು. ನಾನು ಸೀದಾ ಹೋಗಿ ಬೀದಿ ಕಿಟಕಿಯ ಪಕ್ಕದ ಒರಗು ಕುರ್ಚಿಗೆ ಒಂದು ಕೆಂಪು ಸಿಕ್ಕಿಸಿದೆ.

“ಅದ್ರಲ್ಲಿ ಅಮ್ಮ ಯಾವತ್ತು ಕೂತಿದ್ಲು?” ಅಂದಳು ಮಗಳು.

“ದಿನಾ ಅಲ್ಲೇ ಇರ್ತಾಳಲ್ಲೇ!”

“ಅದರ ಪ್ಲಾಸ್ಟಿಕ್ಕೇ ಬಿಚ್ಚಿಲ್ಲ ಅಪ್ಪ. ಅಮ್ಮ ದಿನಾ ಅದರ ಧೂಳು ಒರೆಸ್ತಾಳೆ. ನೀವು ನೋಡಿರೋದು ಅದನ್ನ.”

ಅವಳು ಡಬ್ಬಿ ಕಿತ್ತುಕೊಂಡು, ನಾನು ಸಿಕ್ಕಿಸಿದ ಕ್ಲಿಪ್ಪನ್ನೂ ತೆಗೆದು, ತಾನೇ ಹೊರಟಳು. ಒಂದು ಕ್ಲಿಪ್ಪನ್ನು ಮಹಡಿಯ ಕೊನೆಯ ಮೆಟ್ಟಿಲ ಪಕ್ಕದ ಕಂಬಿಗೆ ಹಾಕಿದಳು. ಇನ್ನೊಂದನ್ನು ಅಡುಗೆಮನೆಯ ಸ್ಟೂಲಿಗೆ, ಅದೇ, ಬಲ್ಬು ಬದಲಾಯಿಸಲು ಹತ್ತುತ್ತೇವಲ್ಲ ಅದಕ್ಕೆ. ಬೋರಲು ಹಾಕಿದ ಬಕೆಟ್ಟಿಗೆ ಒಂದು. ಮಿಕ್ಕ ಅಷ್ಟನ್ನೂ ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಸಾಲಾಗಿ ಇಟ್ಟಳು. ಹದಿನಾಲ್ಕು ಕೆಂಪು ಕ್ಲಿಪ್ಪಿನಲ್ಲಿ ಒಂದಾದರೂ ಕುರ್ಚಿಯ ಮೇಲಿರಲಿಲ್ಲ. ಇವಳೇ, ನನಗೆ ಅಳು ಬಂತು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಮಗಳು ನೋಡಿಯೂ ನೋಡದ ಹಾಗೆ ಪೇಪರು ಓದುತ್ತಿದ್ದಳು.

ಆಮೇಲೆ ಹಿತ್ತಿಲ ಹೊಸ್ತಿಲಿನಲ್ಲಿ ನಾನೇ ಹೋಗಿ ಕೂತು ನೋಡಿದೆ. ಕಸುಬಿನ ಚಾಳಿ, ಬಿಡುವುದಿಲ್ಲ. ಬೆಳಗಿನ ಬೆಳಕು ಎಡ ಹೆಗಲ ಮೇಲಿಂದ ಬೀಳುತ್ತದೆ. ಗಾಳಿಯಿದೆ, ಬೆನ್ನಿಗೆ ತಣ್ಣನೆಯ ಚೌಕಟ್ಟು, ಕಣ್ಣಿಗೆ ಹಿಂದಿನ ಓಣಿಯಲ್ಲಿ ಹೋಗುವ ಬರುವ ಜನ. ಮುಖಸ್ತುತಿ ಅಂದುಕೊಳ್ಳಬೇಡ, ಇಡೀ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ನಾನು ಮೂವತ್ತು ವರ್ಷ ಬೀದಿ ಕಿಟಕಿಯೇ ಈ ಮನೆಯ ಮುಖ್ಯ ಅಂದುಕೊಂಡು ಅಲ್ಲೇ ಎಲ್ಲವನ್ನೂ ಪೇರಿಸಿದ್ದೆ. ಎದ್ದೇಳಲು ಪಕ್ಕದ ಕಪಾಟು ಹಿಡಿದರೆ ಕೈಗೆ ಒಂದು ಕಟ್ಟು ಸಿಕ್ಕಿತು. ಬಿಚ್ಚಿದರೆ ಪದಬಂಧ! ಪೇಪರಿನಿಂದ ಕತ್ತರಿಸಿದ್ದು, ನೂರಾರು, ಎಲ್ಲವನ್ನೂ ಪೂರ್ತಿ ತುಂಬಿದ್ದೀಯ. ಜೊತೆಗೆ ಬೆರಳಿಗಿಂತ ಮೋಟಾದ ಪೆನ್ಸಿಲ್ಲು.

“ಹನ್ನೆರಡು ವರ್ಷದಿಂದ ಮಾಡ್ತಾಳೆ, ನಿಮಗೆ ಗೊತ್ತಿಲ್ವಾ?” ಅಂದಳು ಮಗಳು. ಗೊತ್ತಿರಲಿಲ್ಲ. ಅವತ್ತಿನ ಪದಬಂಧವನ್ನು ಹಿಡಿದು ಒಂದು ಗಂಟೆ ಒದ್ದಾಡಿದೆ. ಮೂರು ಪದ ಬಂತು. ಅದರಲ್ಲಿ ಎರಡು ತಪ್ಪಂತೆ.

ಅಲ್ಲಿಂದ ಶುರುವಾಯಿತು ನೋಡು ನಮ್ಮ ಗಲಾಟೆ. ಬಡಗಿಯನ್ನೂ ಅವನ ಕಡೆಯ ಇಬ್ಬರನ್ನೂ ಕರೆಸಿ, ಸ್ಯಾಂಪಲ್ಲುಗಳನ್ನೆಲ್ಲ ವರ್ಕ್‌ಶಾಪಿಗೆ ಸಾಗಿಸಿದೆ. ದೊಡ್ಡ ಸೋಫಾ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ಆ ಕಡೆ ಎಳೆದರೂ ಇಲ್ಲ, ಈ ಕಡೆ ತಳ್ಳಿದರೂ ಇಲ್ಲ. ಬಡಗಿ ಬೆವರು ಒರೆಸಿಕೊಂಡು, “ಸಾರ್, ಮೊದಲು ಸೋಫಾ ಇಟ್ಟು ಆಮೇಲೆ ಮನೆ ಕಟ್ಟಿಸಿದ್ರಾ?” ಅಂದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಪಕ್ಕದ ಮನೆ ಅಜ್ಜಿ ಕಾಂಪೌಂಡಿನ ಮೇಲಿಂದ ಕತ್ತು ಉದ್ದ ಮಾಡಿ, “ಏನಪ್ಪಾ, ಮನೆ ಖಾಲಿ ಮಾಡ್ತಿದ್ದೀಯಾ?” ಅಂದರು.

“ಇಲ್ಲ ಅಜ್ಜಿ, ಈಗ ಸೇರ್ಕೊಳ್ತಾ ಇದೀನಿ” ಅಂದೆ.

ಖಾಲಿಯಾದ ಮೇಲೆ ನಮ್ಮ ಮನೆ ಇಷ್ಟು ದೊಡ್ಡದಿದೆಯೇ ಎಂದು ಆಶ್ಚರ್ಯವಾಯಿತು. ಮಗಳು ಬರಿಗಾಲಲ್ಲಿ ಗಿರಗಿರನೆ ತಿರುಗಿದಳು. ಹಿತ್ತಿಲ ಕಡೆಯ ಕೋಣೆಯನ್ನೇ ಕೂರುವ ಕೋಣೆ ಮಾಡಿದೆ. ಆ ಗಿಡ್ಡ ಕಿಟಕಿ ನೆನಪಿದೆಯಲ್ಲ? ಪರದೆಯನ್ನು ಕಿಟಕಿಯ ಮೇಲಂಚಿಗಲ್ಲ, ಸೂರಿನ ಹತ್ತಿರದಿಂದ ಇಳಿಬಿಟ್ಟೆ, ನೆಲ ಮುಟ್ಟುವ ಹಾಗೆ. ಈಗ ಕಿಟಕಿಯೇ ಒಂದು ಮೊಳ ಬೆಳೆದುಬಿಟ್ಟ ಹಾಗಿದೆ. ತಲೆಯ ಮೇಲಿನ ಟ್ಯೂಬ್‌ಲೈಟು ತೆಗೆಸಿದೆ, ಅದರ ಕೆಳಗೆ ಎಂಥ ಸುಂದರಿಯೂ ರೋಗಿಯ ಹಾಗೆ ಕಾಣುತ್ತಾಳೆ. ಅದರ ಬದಲು ಮೂರು ದೀಪ, ಒಂದೊಂದು ಒಂದೊಂದು ಎತ್ತರದಲ್ಲಿ. ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ನೀನು ಬಿಟ್ಟುಹೋದ ಇಟ್ಟಿಗೆ ಬಣ್ಣದ ಶಾಲನ್ನೇ ಅಂಗಡಿಗೆ ಒಯ್ದೆ. ಅದೇ ಬಣ್ಣ ಪರದೆಯಲ್ಲಿ ಧಾರಾಳ, ದಿಂಬಿನಲ್ಲಿ ಸ್ವಲ್ಪ, ದೀಪದ ಅಂಚಿನಲ್ಲಿ ಚಿಟಿಕೆಯಷ್ಟು. ಜಮಖಾನ ದೊಡ್ಡದೇ ತಂದೆ, ಕುರ್ಚಿಗಳ ಮುಂಗಾಲಾದರೂ ಅದರ ಮೇಲೆ ಬರಬೇಕು. ಫೋಟೋಗಳನ್ನು ಕೂತವರ ಕಣ್ಣಿನ ಮಟ್ಟಕ್ಕೆ ಇಳಿಸಿದೆ. ಇಷ್ಟು ದಿನ ನಿನ್ನ ಅಮ್ಮ ಸೂರಿನ ಹತ್ತಿರದಿಂದ ನಮ್ಮನ್ನು ಕಾಯುತ್ತಿದ್ದರು, ಈಗ ಎದುರಿಗೇ ಕೂತು ಮಾತಾಡಿಸುವ ಹಾಗಿದೆ.

ಎಲ್ಲ ಮುಗಿಸಿ ಸೊಂಟಕ್ಕೆ ಕೈಯಿಟ್ಟು, ನನ್ನ ಕೈಚಳಕಕ್ಕೆ ನಾನೇ ತಲೆದೂಗುತ್ತಾ ನಿಂತಿದ್ದೆ. ಮಗಳು ಅಡುಗೆಮನೆಯಿಂದ ಟ್ರೇ ಹಿಡಿದು ಬಂದಳು. ಏಡಿಯ ಹಾಗೆ ಅಡ್ಡಡ್ಡ ನಡೆದಳು, ದೀಪಕ್ಕೆ ಮೊಣಕೈ ತಾಗಿಸಿದಳು, ಟೇಬಲ್ಲಿಗೆ ಕಾಲು ಎಡವಿದಳು, ಅರ್ಧ ಟೀ ಹೊಸ ಜಮಖಾನದ ಪಾಲಾಯಿತು. ನಾಲಿಗೆ ಕಚ್ಚಿಕೊಂಡೆ. ನಡೆಯುವ ದಾರಿಯನ್ನು ಮೊದಲು ಗುರುತು ಮಾಡಬೇಕೆಂದು ಊರಿಗೆಲ್ಲ ಪಾಠ ಹೇಳುವವನು ನಾನು. ದಾರಿ ಬಿಟ್ಟಿದ್ದೆ, ಬೀದಿ ಬಾಗಿಲಿಂದ ಬರುವವರಿಗೆ ರಾಜಮಾರ್ಗವನ್ನೇ ಬಿಟ್ಟಿದ್ದೆ. ಅಡುಗೆಮನೆಯ ಕಡೆಯಿಂದ ಬರೀ ಸಂದಿ. ಯಾಕೆಂದರೆ ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಆ ಕಡೆಯಿಂದ ಕೈಯಲ್ಲಿ ಲೋಟ ಹಿಡಿದು ಬಂದವನಲ್ಲ. ಮತ್ತೆ ಎಲ್ಲವನ್ನೂ ಸರಿಸಿದೆ. ದಾರಿ ಸರಿಯಾಯಿತೋ ಇಲ್ಲವೋ ನೋಡಲು ನಾನೇ ದಿನಾ ಎರಡು ಹೊತ್ತು ಟ್ರೇ ಹಿಡಿದು ನಡೆಯುತ್ತಿದ್ದೇನೆ. ಹಾಗೆ ನಡೆಯಬೇಕಾದರೆ ಟೀ ಮಾಡಲೇಬೇಕಲ್ಲ. ಮಗಳು ಈಗ ನನ್ನ ಟೀಗೆ ಹತ್ತಕ್ಕೆ ಆರು ಕೊಡುತ್ತಾಳೆ.

ಈಗ ಎಲ್ಲ ಮುಗಿದಿದೆ. ನಿನ್ನ ಕುರ್ಚಿ ಒಂದು ಬಾಕಿ. ಸ್ಯಾಂಪಲ್ ಕುರ್ಚಿ ತಂದಿಡಲು ಮನಸ್ಸು ಬರಲಿಲ್ಲ, ಹೊಸದಾಗಿ ನಿನಗೆಂದೇ ಮಾಡಿಸುತ್ತಿದ್ದೇನೆ. ಜಾಗ ಯಾವುದು ಎಂದು ಹೇಳಬೇಕಾಗಿಲ್ಲ. ಪಕ್ಕದಲ್ಲಿ ಕೈಯೆಟಕುವ ಹಾಗೆ ಒಂದು ಪುಟ್ಟ ಮೇಜು, ಅದರ ಮೇಲೆ ಲೋಟಕ್ಕೂ ಪೆನ್ಸಿಲ್ಲಿಗೂ ಜಾಗ. ಎದುರಿಗೆ ನನ್ನ ಕುರ್ಚಿ, ಧ್ವನಿ ಏರಿಸದೆ ಮಾತಾಡುವಷ್ಟು ದೂರದಲ್ಲಿ. ಮಾತು ಬೇಡವಾದರೆ ನಾನು ಸುಮ್ಮನಿರುವುದನ್ನೂ ಕಲಿಯುತ್ತಿದ್ದೇನೆ, ಮಗಳನ್ನು ಕೇಳು ಬೇಕಾದರೆ. ನೀನು ಬರಬೇಕು ಕಣೇ. ನೀನಿಲ್ಲದೆ ಈ ಕೋಣೆ ಎಷ್ಟೇ ಚೆಂದವಿದ್ದರೂ ನನಗೆ ಅದು ಇನ್ನೊಂದು ಅಂಗಡಿಯೇ.

ನಿನ್ನ ತಂಗಿಗೂ ಅವಳ ಗಂಡನಿಗೂ ನಾನು ಕೇಳಿದೆನೆಂದು ಹೇಳು. ಅವರ ಮಕ್ಕಳಿಗೆ ಚೆನ್ನಾಗಿ ಓದಿ ಗಟ್ಟಿಮುಟ್ಟಾಗಿ ಬೆಳೆಯಿರಿ ಎಂದು ನನ್ನ ಆಶೀರ್ವಾದ. ಗಿಡಗಳಿಗೆ ನೀರು ಹಾಕುತ್ತಿದ್ದೇನೆ, ಒಂದು ಮಾತ್ರ ಹೋಯಿತು. ನಿನಗೆ ಒಳ್ಳೆಯದಾಗಲಿ, ನಗುನಗುತ್ತಾ ಇರು.

ನಿನ್ನ
ಇವರು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಬಡಗಿ ಬಂದ. ಇದನ್ನು ಬರೆಯದೆ ಕಳಿಸಿದರೆ ಮೇಲೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ನಿನ್ನ ಕುರ್ಚಿಗೆ ಮರ ಕತ್ತರಿಸಿದ್ದಾನೆ. ನಾಲ್ಕು ಕಾಲು ಮಾತ್ರ ಉದ್ದಕ್ಕೇ ಬಿಟ್ಟಿದ್ದಾನೆ. “ಅಮ್ಮಾವ್ರ ಅಳತೆ ಹೇಳಿ ಸಾರ್” ಅಂದ. ನೆಲದಿಂದ ಮೊಣಕಾಲಿನ ಮಡಿಕೆಯವರೆಗಿನ ಅಳತೆ. ಕೂತವರ ಪಾದ ಪೂರ್ತಿ ನೆಲಕ್ಕೆ ಊರಬೇಕಲ್ಲ, ಅದಕ್ಕೆ ಇದೇ ಮೊದಲು ಬೇಕು. ಡಾಕ್ಟರಮ್ಮನದು ಹದಿನಾರೂವರೆ ಇಂಚು. ಜಡ್ಜ್ ಸಾಹೇಬರದು ಹತ್ತೊಂಬತ್ತು. ಅವರ ಹಾಸಿಗೆ ಹಿಡಿದ ತಾಯಿಯದೂ ನನಗೆ ಬಾಯಲ್ಲೇ ಇದೆ. ನಿನ್ನದು ಕೇಳಿದಾಗ ಗಾಳಿಯಲ್ಲಿ ಕೈ ಇಟ್ಟು “ಇಷ್ಟಿರಬಹುದು” ಅಂದೆ. ಮಗಳು ಇನ್ನೂ ಕೆಳಗೆ ಕೈ ಇಟ್ಟು “ಇಷ್ಟೇ” ಅಂದಳು. ಇಬ್ಬರ ಕೈಗೂ ಎರಡು ಇಂಚಿನ ವ್ಯತ್ಯಾಸ. ಬಡಗಿ ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡು, “ಅಂದಾಜಿಗೆ ಕುಯ್ಯೋಕಾಗಲ್ಲ ಸಾರ್” ಎಂದು ಹೊರಟುಹೋದ.

ಮೂವತ್ತೊಂದು ವರ್ಷ ಒಂದೇ ಮನೆಯಲ್ಲಿದ್ದೇವೆ. ನಾನು ಒಂದು ಸಲವೂ ನಿನ್ನ ಮುಂದೆ ನೆಲದಲ್ಲಿ ಕೂತು ಟೇಪು ಹಿಡಿಯಲಿಲ್ಲ. ಕಾಗದದಲ್ಲಿ ಬರೆದು ಕಳಿಸಬೇಡ. ಗುರುವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಬಾಗಿಲು ತೆಗೆ ಸಾಕು, ಬೇರೇನೂ ಮಾತಾಡಬೇಡ. ಹೆಂಡತಿಯ ಕಾಲಿನ ಅಳತೆಯೂ ಗೊತ್ತಿಲ್ಲದವನ ಮನೆಗೆ ಬರಬೇಕೋ ಬೇಡವೋ ಎಂಬುದನ್ನು, ನಾನು ಅಳತೆ ತೆಗೆದುಕೊಂಡು ಎದ್ದ ಮೇಲೆ ಹೇಳು.